ಬಾರದ ಬಾಡಿಗೆ

ಇಲ್ಲ, ಅತ್ತೆ ಆಗ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿರಲಿಲ್ಲ. ಅದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಅವಳು ಅಲ್ಲೇ ಇದ್ದದ್ದು ಮಾತ್ರ ನಿಜ. ಅದು ಎಪ್ಪತ್ತರ ದಶಕ. ಬೆಳಗಾವಿಯ ನಮ್ಮ ಮನೆಗೆ ಘರಪಟ್ಟಿ, ಅಂದರೆ ಮನೆತೆರಿಗೆ, ನಿಗದಿ ಮಾಡಲು ಸಾಹೇಬರು ಬಂದಿದ್ದರು. ಬೀದಿಗೆ ಬಾಗಿಲಿದ್ದ ಕೋಣೆಯನ್ನು ಇಣುಕಿ ನೋಡಿದರು.

"ಇದಕ್ಕ ಛಲೋ ಬಾಡಿಗಿ ಬರತೈತ್ರಿ."

"ಅಲ್ಲಿ ನಮ್ಮ ಅಕ್ಕ ಇರತಾಳ್ರಿ. ಬಾಡಿಗಿ ಯಾರ ಕಡೆ ತಗೊಳ್ಳಲಿ?" ಎಂದ ಅಪ್ಪ.

"ತಗೋಬ್ಯಾಡ್ರಿ. ಕೊಟ್ಟಿದ್ರ ಎಷ್ಟ ಬರತಿತ್ತು, ಅದರ ಮ್ಯಾಲ ಪಟ್ಟಿ."

"ಹಂಗಾದ್ರ ನನ್ನ ಮನ್ಯಾಗ ನಾನೂ ಬಾಡಿಗಿದಾರನ ಏನ್ರಿ?"

ಎಲ್ಲರೂ ನಕ್ಕರು. ಗಂಡ ತೀರಿದ ಮೇಲೆ ಆ ಕೋಣೆಯಲ್ಲೇ ಇದ್ದ ಅತ್ತೆ ನಗಲಿಲ್ಲ.

ಒಡಹುಟ್ಟಿದವಳ ಎದುರಿಗೇ, ಅವಳು ಇಲ್ಲದಿದ್ದರೆ ಬರಬಹುದಾಗಿದ್ದ ಬಾಡಿಗೆಯನ್ನು ಲೆಕ್ಕ ಹಾಕುವುದು ಎಂಥ ಕಾನೂನು? ಈಗ ನಾನೂ ಘರಪಟ್ಟಿ ಕಟ್ಟುತ್ತೇನೆ. ನಿಯಮ ಅರ್ಥವಾಗಿದೆ, ಸಿಟ್ಟು ಇಳಿದಿಲ್ಲ.

ಆ ವಾರವೇ ಅತ್ತೆ ಟ್ರಂಕು ತೆಗೆದುಕೊಂಡು ಗಂಡನ ಊರಾದ ಖಾನಾಪುರದ ಬಸ್ಸು ಹತ್ತಿದಳು. "ಹೊಲಾ ನೋಡಿ ಬರತೀನಿ" ಎಂದವಳು ಮರಳಿ ಬರಲಿಲ್ಲ. ಬಾಡಿಗೆಯ ಮಾತಿಗೆ ನೊಂದು ಹೋದಳೋ, ನಿಜಕ್ಕೂ ಹೊಲಕ್ಕಾಗಿಯೇ ಹೋದಳೋ, ನನಗೆ ಗೊತ್ತಿಲ್ಲ. ಯಾರೂ ಅವಳನ್ನು ಕೇಳಲಿಲ್ಲ.