ಕಲ್ಯಾಣಿಯ ಪಟ್ಟದ ಗೊಂಬೆ

ಶಾಲೆಗೆ ರಜೆ ಬಿಟ್ಟ ಮಾರನೆಯ ಬೆಳಿಗ್ಗೆ ಕಲ್ಯಾಣಿ ಮನೆಯಲ್ಲಿ ಸಿಕ್ಕಳೆಂದರೆ ಅವಳಿಗೆ ಜ್ವರ ಬಂದಿದೆ ಎಂದೇ ತಿಳಿಯಬೇಕು. ಲಂಡನ್ನಿನ ಹ್ಯಾರೋದಲ್ಲಿ, ನಾನೂ ಇರುವ ನನ್ನ ಮಗಳು ಸಂಹಿತಳ ಮನೆಯ ಮಹಡಿ ಕೋಣೆಯಲ್ಲಿ ಅವಳು ಬಾಡಿಗೆಗೆ ಇದ್ದಾಳೆ. ಕ್ವೀನ್ಸ್‌ಬರಿ ಕಡೆಯ ಒಂದು ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಮೈಸೂರಿನ ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡಿದ್ದವಳು, ಇಲ್ಲಿ ಗಣಿತದವರು ಸಾಲದೆಂದು ಕರೆದಾಗ ಬಂದಳು. ವಯಸ್ಸು ನಲವತ್ತು ದಾಟಿದೆ. ಮದುವೆಯಾಗಿಲ್ಲ, ಆಗುವ ಯೋಚನೆಯೂ ಇಲ್ಲ.

ರಜೆ ಬಂತೆಂದರೆ ಟಿಕೆಟ್ಟಿನ ಬೆಲೆ ಏರುತ್ತದೆ. ಶಾಲೆಯ ಕ್ಯಾಲೆಂಡರ್ ಹೆಡ್‌ಮಾಸ್ಟರಿಗಿಂತ ವಿಮಾನದವರಿಗೇ ಚೆನ್ನಾಗಿ ಗೊತ್ತು ಎಂದು ಅವಳು ಬೈಯುತ್ತಾಳೆ, ಬೈಯುತ್ತಲೇ ಹೊರಡುತ್ತಾಳೆ. ಬೆನ್ನಿಗೊಂದು ಚೀಲ, ಅದರಲ್ಲಿ ಅವಲಕ್ಕಿ, ಚಟ್ನಿಪುಡಿ, ಒಂದು ಸ್ಟೀಲ್ ಲೋಟ. ಹೋಟೆಲಿನ ಕೆಟಲಿನ ಬಿಸಿನೀರು ಹಾಕಿದರೆ ಊಟವಾಯಿತು. ತಿರುಗಿ ಬಂದ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಾಫಿ ಆರುವ ತನಕ ನನಗೆ ಎಲ್ಲಾ ಹೇಳುತ್ತಾಳೆ. ಯಾವ ಊರಿನ ಸೇತುವೆ ಎಷ್ಟು ಅಗಲ, ಯಾವ ಚರ್ಚಿನಲ್ಲಿ ಕೂತರೆ ನಿದ್ದೆ ಬರುತ್ತದೆ, ಎಲ್ಲಾ.

ಹೋದ ಬೇಸಿಗೆಯ ರಜೆಗೆ ಹೊರಡುವಾಗ ಮಾತ್ರ ಅವಳು ಊರು ನೋಡಲು ಹೊರಡಲಿಲ್ಲ. ಪಟ್ಟದ ಗೊಂಬೆ ಹುಡುಕಿಕೊಂಡು ಹೊರಟಳು.

ನಮ್ಮ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಮರದ ರಾಜ ರಾಣಿಗೆ. ಪಟ್ಟದ ಗೊಂಬೆ ಎಂದರೆ ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಆ ಜೋಡಿಯೇ. ನನ್ನದನ್ನು ನಾನು ಸಂಹಿತಳ ಮದುವೆಯಲ್ಲಿ ಅವಳಿಗೆ ಕೊಟ್ಟೆ. ಕಲ್ಯಾಣಿಗಾಗಿಯೂ ಅವಳ ತಾಯಿ ಒಂದು ಜೋಡಿ ತೆಗೆದಿಟ್ಟಿದ್ದರಂತೆ, ಟ್ರಂಕಿನಲ್ಲಿ, ಹಳೇ ಪಂಚೆಯಲ್ಲಿ ಸುತ್ತಿ. ತಾಯಿ ಹೋದಮೇಲೆ ಕಲ್ಯಾಣಿಯ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಮನೆಯವರು ಟ್ರಂಕು ತೆಗೆದು ಆ ಜೋಡಿಯನ್ನು ಅವಳಿಗೆ ಕೊಟ್ಟರು. ಕಲ್ಯಾಣಿಯನ್ನು ಒಂದು ಮಾತು ಕೇಳಲಿಲ್ಲ. ಕೇಳುವುದಕ್ಕೇನಿದೆ, ಅವಳೇನು ಮದುವೆಯಾಗುತ್ತಾಳೆಯೇ ಎಂದರಂತೆ. ಇದನ್ನು ಅವಳು ನಗುನಗುತ್ತಲೇ ಹೇಳಿದಳು. ಆದರೆ ಪ್ರತಿ ವರ್ಷ ನಮ್ಮ ಮನೆಯ ರಾಣಿಗೆ ಸೀರೆಯ ನೆರಿಗೆ ಹಿಡಿದು ಉಡಿಸಿ ಸಂಹಿತಳ ಕೈಗೆ ಕೊಡುವಾಗ, ಒಂದು ಗಳಿಗೆ ತಡಮಾಡಿ ಕೊಡುತ್ತಿದ್ದಳು. ನಾನು ನೋಡಿದ್ದೇನೆ.

“ಯೂರೋಪಿನಲ್ಲಿ ರಾಜ ರಾಣಿಯರಿಗೆ ಬರವಾ ಆಂಟಿ? ಬನ್ನಿ, ಹುಡುಕಿಕೊಂಡು ಬರೋಣ,” ಎಂದಳು. ಸಂಹಿತಳಿಗೆ ಆಸ್ಪತ್ರೆಯಲ್ಲಿ ರಜೆ ಇರಲಿಲ್ಲ, ನಾನು ಕಿಟಕಿಯಲ್ಲಿ ಬಸ್ಸು ನೋಡಿಕೊಂಡು ಕೂತಿದ್ದೆ. ವೀಸಾ ಕೆಲಸವೆಲ್ಲ ಅವಳೇ ಮುಗಿಸಿದಳು.

ಅವಳ ಜೊತೆ ತಿರುಗುವುದೆಂದರೆ ಶಾಲೆಯ ಪ್ರವಾಸಕ್ಕೆ ಹೋದಂತೆ. ರೈಲು ಹತ್ತಿದರೆ, ಇಳಿದರೆ, ರಸ್ತೆ ದಾಟಿದರೆ, ಹಿಂದೆ ತಿರುಗಿ “ಎಲ್ಲರೂ ಇದ್ದೀರಾ?” ಎನ್ನುತ್ತಾಳೆ. ಇರುವುದು ನಾನೊಬ್ಬಳೇ. “ಇದ್ದೀವಿ ಮಿಸ್,” ಎಂದು ನಾನು ಕೈ ಎತ್ತಬೇಕು. ಪ್ರಾಗ್ ಎಂಬ ಊರಿನ ಹಳೇ ಗಡಿಯಾರದ ಕೆಳಗೆ ನಿಂತು, ಮಡಿಸಿದ ಛತ್ರಿ ಎತ್ತಿ ಹಿಡಿದು, ಆ ಮುಳ್ಳುಗಳು ಹೇಗೆ ತಿರುಗುತ್ತವೆ ಎಂದು ನನಗೆ ವಿವರಿಸುತ್ತಿದ್ದಳು. ಯಾವುದೋ ದೇಶದ ಏಳೆಂಟು ಜನ ನಮ್ಮ ಹಿಂದೆ ಬಂದು ನಿಂತು, ಒಂದು ಮಾತೂ ಅರ್ಥವಾಗದೆ ತಲೆ ಆಡಿಸಿದರು. ನಾವು ಮುಂದೆ ನಡೆದರೆ ಅವರೂ ನಡೆದರು. ನಾವು ಐಸ್‌ಕ್ರೀಮ್ ಕೊಂಡರೆ ಅವರೂ ಸಾಲಿನಲ್ಲಿ ನಿಂತರು. ಸೇತುವೆಯ ಮೇಲೆ ಅವರ ನಿಜವಾದ ಗೈಡು ಓಡಿ ಬಂದು ಬಿಡಿಸಿಕೊಂಡು ಹೋದ. ಹೋಗುವಾಗ ಅವರಲ್ಲೊಬ್ಬಾಕೆ ಕಲ್ಯಾಣಿಯ ಕೈ ಕುಲುಕಿ ಹೋದಳು. ನಕ್ಕೂ ನಕ್ಕೂ ನಾನು ಸೇತುವೆಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಗೊಂಬೆ ಮಾತ್ರ ಸಿಗುತ್ತಿರಲಿಲ್ಲ. ಮರದ್ದಾಗಿರಬೇಕು, ಜೋಡಿಯಾಗಿರಬೇಕು, ಒಂದೇ ಕೈ ಮಾಡಿದ್ದಾಗಿರಬೇಕು, ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಪ್ಯಾರಿಸಿನಲ್ಲಿ ಸಿಕ್ಕಿದ ರಾಣಿ ಪಿಂಗಾಣಿಯದು, ರಾಜನೇ ಇಲ್ಲ. ಪ್ರಾಗ್‌ನಲ್ಲಿ ಅಂಗಡಿಗೆ ಅಂಗಡಿಯೇ ರಾಜ ರಾಣಿಯರು, ಆದರೆ ಎಲ್ಲರೂ ದಾರದಲ್ಲಿ ನೇತಾಡುವವರು. ದಾರ ಬಿಟ್ಟರೆ ಸಿಂಹಾಸನದ ಮುಂದೆ ಮಂಡಿಯೂರಿ ಬೀಳುವ ರಾಜನನ್ನು ಯಾವ ಮೆಟ್ಟಿಲ ಮೇಲೆ ಕೂರಿಸುವುದು?

ಕೊನೆಗೆ ಗಡಿ ದಾಟಿ ಜರ್ಮನಿಯ ಬೆಟ್ಟದ ಸೀಮೆಗೆ ಬಸ್ಸು ಹತ್ತಿದೆವು. ಅಲ್ಲಿಯವರು ಚಳಿಗಾಲವೆಲ್ಲ ಮರದ ಗೊಂಬೆ ಕಡೆಯುತ್ತಾರೆಂದು ಯಾರೋ ಹೇಳಿದ್ದರು. ಒಂದು ಸಣ್ಣ ಅಂಗಡಿ, ಒಳಗೆ ನನ್ನ ವಯಸ್ಸಿನ ಒಬ್ಬ ಹೆಂಗಸು, ಏಪ್ರನ್ನಿನ ತುಂಬ ಮರದ ಹೊಟ್ಟು. ಹಲಗೆಯ ಮೇಲೆ ಕೆಂಪು ಅಂಗಿ, ಬಿಳಿ ಗಡ್ಡ, ಕಿರೀಟದ ರಾಜ. ಬೆನ್ನ ಹಿಂದಿನ ಹಿಡಿ ಎತ್ತಿದರೆ ಬಾಯಿ ತೆರೆಯುತ್ತದೆ, ಒತ್ತಿದರೆ ಆಕ್ರೋಟು ಒಡೆಯುತ್ತದೆ. ಆಕೆಯೇ ಒಡೆದು ತೋರಿಸಿದಳು. ಪಕ್ಕದಲ್ಲಿ ಹಸಿರು ಲಂಗದ ರಾಣಿ, ದುಂಡಗೆ, ಬಾಯಿ ಸ್ವಲ್ಪ ತೆರೆದು, ಏನೋ ಹೇಳಲು ಹೊರಟವಳಂತೆ. ಆಕೆ ರಾಣಿಯನ್ನು ಸೊಂಟದಲ್ಲಿ ಬೇರೆ ಮಾಡಿದಳು. ಒಳಗೆ ಪುಟ್ಟ ತಗಡಿನ ತಟ್ಟೆ.

“ಕುಂಕುಮದ ಭರಣಿ,” ಎಂದೆವು ಇಬ್ಬರೂ ಒಟ್ಟಿಗೆ.

ಆಕೆ ಜರ್ಮನ್ನಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು, ಕೈಯನ್ನು ಬಾಯಿಯ ಹತ್ತಿರ ತಂದು ಮೇಲಕ್ಕೆ ಆಡಿಸಿದಳು. ಕಲ್ಯಾಣಿಯ ಫೋನು ಬೆಟ್ಟದ ಫೋಟೋ ತೆಗೆದೂ ತೆಗೆದೂ ಸತ್ತಿತ್ತು. ರಾಣಿ ಹಾಡುತ್ತಾಳೆ ಎನ್ನುತ್ತಿದ್ದಾಳೆ ಎಂದು ನಾವು ತೀರ್ಮಾನಿಸಿದೆವು. ಆಕೆ ಒಂದು ಪೊಟ್ಟಣದಲ್ಲಿ ಕಪ್ಪು ಕಪ್ಪು ಮೊನಚು ಗುಳಿಗೆಗಳನ್ನೂ ಕೊಟ್ಟಳು. ಮರಕ್ಕೆ ಹುಳು ಹಿಡಿಯದಿರಲೆಂದು ಕೊಟ್ಟ ನುಸಿಗುಳಿಗೆ ಎಂದು ನಾನು ಹೇಳಿದೆ. ಮೂಸಿ ನೋಡಿ ಕಲ್ಯಾಣಿಯೂ ಹೌದೆಂದಳು.

ರಾಜನಿಗಿಂತ ರಾಣಿ ಎರಡು ಬೆರಳು ಕುಳ್ಳಿ. ಗಂಧದ ಸೋಪಿನ ಡಬ್ಬಿಯ ಮೇಲೆ ನಿಲ್ಲಿಸಿದರೆ ಸರಿಹೋಗುತ್ತದೆಂದು ಕಲ್ಯಾಣಿ ಆಗಲೇ ಲೆಕ್ಕ ಹಾಕಿದ್ದಳು. ಖುಷಿಗೆ ಅವಳು ಕುಣಿಯುವುದೊಂದು ಬಾಕಿ. ಕಾರ್ಡು ತೆಗೆದಳು. ಆಗ ನನ್ನ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: ತಾನೇ ಕೊಂಡುಕೊಂಡರೆ ಅದು ಪಟ್ಟದ ಗೊಂಬೆಯಾಗುವುದಿಲ್ಲ, ತವರಿನವರು ಕೊಡಬೇಕು.

ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಹುಡುಕುವ ಗಡಿಬಿಡಿಯಲ್ಲಿ ಮರೆತಿದ್ದಳು. ಕಾರ್ಡನ್ನು ಕೈಯಲ್ಲೇ ಹಿಡಿದು, ಬೋರ್ಡಿನ ಮುಂದೆ ಲೆಕ್ಕ ತಪ್ಪಿದ ಹುಡುಗಿಯ ಹಾಗೆ ನಿಂತಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

“ಹಾಗಾದ್ರೆ ನೀವು ಕೊಡಿ ಆಂಟಿ.”

“ನಾನು ಕೊಡೋ ಹಾಗಿಲ್ಲ ಕಣೇ. ನಮ್ಮನೆಯವರು ಹೋದಮೇಲೆ ನಾನು ಯಾರಿಗೂ ಅರಿಶಿನ ಕುಂಕುಮ ಕೊಟ್ಟವಳಲ್ಲ. ಎಲ್ಲಾ ಸಂಹಿತನೇ ಕೊಡೋದು. ನಿನಗೆ ಗೊತ್ತಲ್ಲ.”

“ನಿಮ್ಮ ಕೈ ಹುಳಿ ಎಷ್ಟು ವರ್ಷದಿಂದ ತಿಂತಿದೀನಿ. ಅದಕ್ಕೆ ಆಗೋ ಕೈ ಇದಕ್ಕೆ ಆಗಲ್ವಾ? ನೀವು ಕೊಟ್ರೆ ಪಟ್ಟದ ಗೊಂಬೆ. ಇಲ್ದಿದ್ರೆ ಬರೀ ಆಕ್ರೋಟು ಒಡೆಯೋ ಸಾಮಾನು. ಬೇಗ ಹೇಳಿ, ಬಸ್ಸು ಹೋಗತ್ತೆ.”

ಸಂಹಿತ ಖರ್ಚಿಗೆಂದು ಕೊಟ್ಟ ಹಣ ನನ್ನ ಕರವಸ್ತ್ರದ ಗಂಟಿನಲ್ಲಿತ್ತು. ಬಿಚ್ಚಿದೆ. ಕಲ್ಯಾಣಿ ಹಾಕಿದ್ದು ರೇನ್‌ಕೋಟು, ಸೆರಗಿಲ್ಲ. ಅದರ ಮುಂಭಾಗವನ್ನೇ ಎರಡು ಕೈಯಿಂದ ಹಿಡಿದು ಮಡಿಲು ಮಾಡಿ ಒಡ್ಡಿದಳು. ಮಡಿಲು ತುಂಬಲು ಅಕ್ಕಿಯಿಲ್ಲ, ಅವಲಕ್ಕಿ ಹಾಕಿದೆ. ತೆಂಗಿನಕಾಯಿ ಇಲ್ಲ, ಹೋಟೆಲಿನ ತಿಂಡಿಯಲ್ಲಿ ಉಳಿಸಿಕೊಂಡಿದ್ದ ಎರಡು ಬಾಳೆಹಣ್ಣು ಹಾಕಿದೆ. ಮೇಲೆ ರಾಜ, ರಾಣಿ. ಅಂಗಡಿಯಾಕೆ ನೋಡುತ್ತಿದ್ದವಳು, ಇದೇನೋ ಒಳ್ಳೆಯದೇ ಇರಬೇಕೆಂದುಕೊಂಡು ತಾನೂ ಒಂದು ಹಿಡಿ ಆಕ್ರೋಟು ತಂದು ಮಡಿಲಿಗೆ ಸುರಿದಳು. ಕಲ್ಯಾಣಿ ಹಾಗೆಯೇ ಬಗ್ಗಿ ನನಗೆ ನಮಸ್ಕಾರ ಮಾಡಲು ಹೋದಾಗ ಆಕ್ರೋಟೆಲ್ಲ ಅಂಗಡಿಯ ತುಂಬ ಉರುಳಿದವು. ಮೂವರೂ ಮೇಜಿನ ಕೆಳಗೆ ಕೈ ಹಾಕಿ ಆರಿಸಿದೆವು. ಬಸ್ಸು ಹೋಯಿತು.

ನವರಾತ್ರಿಯ ಪಾಡ್ಯದ ಸಂಜೆ. ಮುಂದಿನ ಕೋಣೆಯಲ್ಲಿ ಸಂಹಿತಳ ಜೋಡಿಯ ಪಕ್ಕದಲ್ಲೇ ಕಲ್ಯಾಣಿಯ ಜೋಡಿಯೂ ಕೂತಿತು. ಜರ್ಮನಿಯ ರಾಣಿಗೆ ಜರಿ ಅಂಚಿನ ತುಂಡು ಸೀರೆ, ಹೊಟ್ಟೆಯೊಳಗಿನ ತಟ್ಟೆಯಲ್ಲಿ ಕುಂಕುಮ. ಬಂದ ಹೆಂಗಸರಿಗೆಲ್ಲ ಕಲ್ಯಾಣಿ ರಾಣಿಯನ್ನು ಬಿಚ್ಚಿ ಕುಂಕುಮ ಹಚ್ಚುತ್ತಿದ್ದಳು. ಎಲ್ಲರೂ ಬೆರಗಾದರು. ಮೀರಾ ಮಾತ್ರ ಬೆರಗಾಗಲಿಲ್ಲ. ಸಂಹಿತಳ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುವ ಮಂಗಳೂರಿನವಳು, ಮೊದಲು ಕೆಲವು ವರ್ಷ ಜರ್ಮನಿಯಲ್ಲಿ ಇದ್ದವಳು. ರಾಣಿಯನ್ನು ಕೈಗೆ ತೆಗೆದುಕೊಂಡು, ಇದು ಧೂಪದ ಗೊಂಬೆ ಅಲ್ಲವಾ, ಕುಂಕುಮ ಯಾಕೆ ತುಂಬಿದ್ದೀರಿ, ಧೂಪ ಎಲ್ಲಿ ಎಂದು ಕೇಳಿದಳು.

ನಾನು ಎದ್ದು ಹೋಗಿ, ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳ ಮಡಿಕೆಯೊಳಗೆ ನುಸಿಗುಳಿಗೆ ಎಂದು ಇಟ್ಟಿದ್ದನ್ನು ತಂದೆ. ಕಲ್ಯಾಣಿ ಕಡ್ಡಿ ಗೀರಿದಳು. ಕುಂಕುಮ ಒರೆಸಿದ ತಟ್ಟೆಯಲ್ಲಿ ಗುಳಿಗೆ ಇಟ್ಟು ರಾಣಿಯನ್ನು ಮುಚ್ಚಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ಸ್ವಲ್ಪ ತೆರೆದ ಬಾಯಿಯಿಂದ ಸುರುಳಿ ಸುರುಳಿಯಾಗಿ ಹೊಗೆ ಬಂತು.

ಧಾರವಾಡದ ರತ್ನಾಬಾಯಿ ಕುರ್ಚಿಯಲ್ಲಿ ಮುಂದೆ ಬಾಗಿದರು. ನಮ್ಮ ಬಳಗಕ್ಕೆಲ್ಲ ಹಿರಿಯ ಮುತ್ತೈದೆ, ಡಾಕ್ಟರ ಹೆಂಡತಿ, ಯಾವ ಮನೆಯ ಪೂಜೆಯಲ್ಲೂ ಮೊದಲ ಕುಂಕುಮ ಅವರಿಗೇ.

“ಯವ್ವಾ, ಈಕಿ ಪಟ್ಟದ ರಾಣಿನೋ, ಬೀಡಿ ಸೇದಾಕಿನೋ?”

ಆ ನಗುವಿನ ನಡುವೆ ಸೂರಿನ ಹೊಗೆ ಅಲಾರಂ ಕಿವಿ ಹರಿಯುವಂತೆ ಕಿರಿಚತೊಡಗಿತು. ಸಂಹಿತ ಕಿಟಕಿ ತೆರೆಯಲು ಓಡಿದಳು. ಕಲ್ಯಾಣಿ ಸೀರೆ ಎತ್ತಿ ಕಟ್ಟಿ ಸ್ಟೂಲು ಹತ್ತಿ, ಟವೆಲ್ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದಳು. ಅಲ್ಲಿಂದಲೇ ಕೆಳಗೆ ನೋಡಿ “ಎಲ್ಲರೂ ಇದ್ದೀರಾ?” ಎಂದಳು.

“ಇದ್ದೀವಿ ಮಿಸ್,” ಎಂದೆ ನಾನು, ಅಭ್ಯಾಸಬಲದಿಂದ.

ರತ್ನಾಬಾಯಿ ನಗು ಮುಗಿಸಿ ಕಣ್ಣೊರೆಸಿಕೊಂಡರು. ಆದರೆ ಅವರದು ಕೇಳಬೇಕಾದ್ದನ್ನು ಕೇಳಿಯೇ ಬಿಡುವ ಬಾಯಿ.

“ಅಲ್ಲ ಕಲ್ಯಾಣಿ, ನಿಮ್ಮ ಕಡೆ ಈ ಗೊಂಬಿ ತವರಮನಿಯವರು ಕೊಡ್ತಾರಂತಲ್ಲ. ನಿನಗ ಯಾರು ಕೊಟ್ರು?”

ಕಲ್ಯಾಣಿ ಸ್ಟೂಲಿನಿಂದ ಇಳಿಯಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ಕೈ ತೋರಿಸಿದಳು.

“ತವರಿನವರೇ ಕೊಟ್ರು. ಅಲ್ಲಿ ಕೂತಿದಾರಲ್ಲ.”

ರತ್ನಾಬಾಯಿ ನನ್ನನ್ನು ನೋಡಿದರು, ನನ್ನ ಬರಿಹಣೆಯನ್ನು ನೋಡಿದರು, ಹೊಗೆ ಬಿಡುತ್ತಿದ್ದ ರಾಣಿಯನ್ನು ನೋಡಿದರು. ನಾನು ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದೆ. ಅವರು ಎದ್ದು ಬಂದು ನನ್ನ ಮುಂದೆ ನಿಂತು ಸೆರಗು ಒಡ್ಡಿದರು.

“ಹಂಗಾರ ಇವತ್ತಿನ ಬಾಗಿನ ನೀವಽ ಕೊಡ್ರಿ. ಮಗಳ ಮನಿ ಪೂಜಿ ಅದ, ತಾಯಿ ಮೂಲ್ಯಾಗ ಕೂತರ ಹೆಂಗ?”

ಅರಿಶಿನ ಕುಂಕುಮದ ತಟ್ಟೆಯನ್ನು ಸಂಹಿತ ತಂದು ನನ್ನ ಕೈಗಿಟ್ಟಳು. ಹಚ್ಚುವಾಗ ಕುಂಕುಮ ರತ್ನಾಬಾಯಿಯವರ ಮೂಗಿನ ಮೇಲೂ ಒಂದಿಷ್ಟು ಬಿತ್ತು. ಎಲೆ ಅಡಿಕೆ, ಬಳೆ, ಹಣ್ಣು ಹಾಕಿದೆ. ಇನ್ನೇನಾದರೂ ಹಾಕಬೇಕೆನ್ನಿಸಿತು. ಕಲ್ಯಾಣಿಗೆ ಅದೂ ತಿಳಿಯಿತು. ಮೆಟ್ಟಿಲಿನಿಂದ ರಾಜನನ್ನು ಇಳಿಸಿ, ಬೆಟ್ಟದ ಊರಿನ ಒಂದು ಆಕ್ರೋಟನ್ನು ಅವನ ಬಾಯಿಗಿಟ್ಟು, ಹಿಂದಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

ಒತ್ತಿದೆ. ಟಕ್ ಎಂದು ಒಡೆದು ಸಿಪ್ಪೆ ಹಾರಿ ಮೀರಾಳ ಕಾಫಿಗೆ ಬಿತ್ತು. ತಿರುಳನ್ನು ರತ್ನಾಬಾಯಿಯವರ ಸೆರಗಿಗೆ ಹಾಕಿದೆ.