ಕಲೆಸಿದ ಮೇಲೆ ಸುರಿದ ನೀರು

ಡಬ್ಬಿ ಹಾಲು ಮಗುವಿಗೆ ಒಗ್ಗಲಿಲ್ಲ ಅನ್ನುತ್ತಾರೆ ಸೊರಬದಲ್ಲಿ ನನ್ನ ತವರಿನವರು. ಡಬ್ಬಿ ಹಾಲೇ ಮಗುವನ್ನು ಉಳಿಸಿತು ಅನ್ನುತ್ತಾರೆ ಶಿಕಾರಿಪುರದಲ್ಲಿ ಗಂಡನ ಮನೆಯವರು. ನಾನು ಎರಡನ್ನೂ ಒಪ್ಪುವುದಿಲ್ಲ.

ಬಾಣಂತನದ ಎರಡನೇ ತಿಂಗಳು. ಎಡಗಡೆ ಎದೆ ಕಲ್ಲಾಯಿತು. ಚಳಿಜ್ವರ. ಸೊರಬದ ಡಾಕ್ಟರ್ 'ಆಬ್ಸೆಸ್' ಅಂದರು, ಕೊಯ್ದು ಕೀವು ತೆಗೆದರು. ಹಾಲು ಕಡಿಮೆಯಾಗುತ್ತಾ ಬಂತು. ಮಕ್ಕಳ ಡಾಕ್ಟರ್ ಚೀಟಿಯಲ್ಲಿ ಫಾರ್ಮುಲಾ, ಅಂದರೆ ಡಬ್ಬಿ ಹಾಲಿನ ಪುಡಿ, ಬರೆದರು.

ನನಗೆ ಅನುಮಾನ. ಅವರ ಗೋಡೆಯ ಮೇಲೆ ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರು, ಅದರಲ್ಲಿ ಗುಂಡುಗುಂಡು ಮಗು. ಕಾಲೇಜಿನಲ್ಲಿ ಡಿಬೇಟ್ ಮಾಡಿದವಳು ನಾನು, ಸುಮ್ಮನೆ ನಂಬುವುದುಂಟೆ? ಮಲಗಿದಲ್ಲೇ ಡಬ್ಬಿ ತಿರುಗಿಸಿ ಅಮ್ಮನಿಗೆ ಜೋರಾಗಿ ಓದಿದೆ.

"ನೋಡಮ್ಮ, ತಾಳೆ ಎಣ್ಣೆ, ಸೋಯಾ ಎಣ್ಣೆ. ಇದು ಹಾಲಾ, ಒಗ್ಗರಣೆನಾ?"

"ಲಾಯರಮ್ಮಾ, ಮಗು ಅಳ್ತಿದೆ. ಮೊದ್ಲು ಅದರ ಕೇಸ್ ನೋಡು" ಅಂದಳು ಅಮ್ಮ. ಆದರೆ ಡಬ್ಬಿಯನ್ನು ಎತ್ತಿಕೊಂಡಾಗ ಮೈಯಿಂದ ದೂರ ಹಿಡಿದಿದ್ದಳು.

ಮಗು ಕುಡಿಯುತ್ತಿತ್ತು. ಮತ್ತೆ ಅಳುತ್ತಿತ್ತು. ಮೂರು ವಾರದ ಮೇಲೆ ಅದೇ ಮಕ್ಕಳ ಡಾಕ್ಟರ್ ತೂಕಕ್ಕಿಟ್ಟರು.

ಇಳಿದಿತ್ತು.

"ನೀವು ಬರೆದ ಪೌಡರೇ ಸರಿಯಿಲ್ಲ ಡಾಕ್ಟ್ರೇ, ಬರೀ ಎಣ್ಣೆ" ಅಂತ ಶುರು ಮಾಡಿದೆ. ಅವರು ವಾದಕ್ಕೆ ಬರಲಿಲ್ಲ. "ಹೇಗೆ ಕಲೆಸ್ತೀರಿ, ತೋರ್ಸಿ ನೋಡೋಣ" ಅಂದರು.

ಅಮ್ಮ ಚೀಲದಿಂದ ಡಬ್ಬಿ ತೆಗೆದಳು. ಚಮಚದ ಅಳತೆ ಸರಿ. ನೀರೂ ಸರಿ. ಕಲೆಸಿದಳು. ಆಮೇಲೆ ಆ ಹಾಲಿಗೆ ಫ್ಲಾಸ್ಕಿನಿಂದ ಮತ್ತೆ ಅಷ್ಟೇ ನೀರು ಸುರಿದಳು. ನಮ್ಮ ಮನೆಯಲ್ಲಿ ಎಳೆಮಕ್ಕಳಿಗೆ ಹಸುವಿನ ಹಾಲು ಕೊಡುತ್ತಿದ್ದುದು ಹೀಗೇ, ಅರ್ಧಕ್ಕರ್ಧ ನೀರು ಬೆರೆಸಿ.

"ಹೊಟ್ಟೆ ತುಂಬುತ್ತೆ, ಮಗು ಬೆಳೆಯಲ್ಲ" ಅಂದರು ಡಾಕ್ಟರ್. "ತಾಯಿ ಹಾಲಲ್ಲೂ ಕೊಬ್ಬು ಇರುತ್ತಮ್ಮ. ಅದರ ಜಾಗಕ್ಕೇ ಈ ಎಣ್ಣೆ. ಮೆದುಳು ಬೆಳೆಯೋಕೂ ಅದು ಬೇಕು."

ಅಮ್ಮ ನನ್ನ ಮುಖ ನೋಡಿದಳು. "ಎಣ್ಣೆ ಇದೆ ಅಂತ ನೀನೇ ಹೇಳಿದ್ಯಲ್ಲೇ. ಅದಕ್ಕೇ ತೆಳ್ಳಗೆ ಮಾಡ್ದೆ."

ತಪ್ಪು ಹುಡುಕಲು ಡಬ್ಬಿ ಓದಿದ ನಾನು ಕಲೆಸುವ ವಿಧಾನ ಓದಿರಲಿಲ್ಲ. ಚೀಟಿ ಬರೆದ ದಿನ ಡಾಕ್ಟರೂ ತೋರಿಸಿರಲಿಲ್ಲ. ಆ ತಕರಾರು ನಾನಿನ್ನೂ ಬಿಟ್ಟಿಲ್ಲ.

ಈಗ ಮಗಳ ತೂಕ ಏರುತ್ತಿದೆ. ನನ್ನ ಹಾಲು ಬಂದಷ್ಟು, ಉಳಿದದ್ದು ಡಬ್ಬಿಯದು. ಡಬ್ಬಿಯನ್ನು ಹೊಗಳಲು ಬಾಯಿ ಬರುವುದಿಲ್ಲ. ಅವಳ ಕೆನ್ನೆ ನೋಡಿದರೆ ಬೈಯಲೂ ಬರುವುದಿಲ್ಲ.

ಅಮ್ಮ ಪ್ರತಿ ಸಲ ಚಮಚ ಎತ್ತಿ ನನಗೆ ತೋರಿಸಿಯೇ ಕಲೆಸುತ್ತಾಳೆ. ಮೊನ್ನೆ ಕೇಳಿಯೇಬಿಟ್ಟೆ.

"ಅಮ್ಮಾ, ಮೂರು ಮಕ್ಕಳನ್ನ ಸಾಕಿದೋಳು ನೀನು. ಅವತ್ತು ಎಣ್ಣೆ ಬಗ್ಗೆ ನನ್ನ ಮಾತು ತಪ್ಪು ಅನ್ನಿಸಿದ್ದಿದ್ರೆ, ನಂಗೆ ಹೇಳ್ತಿದ್ಯಾ?"