ಬದುವಿನ ಕಲ್ಲು ಮತ್ತು ಹಾಲುತೆನೆ

ಜಾಂಬೋಟಿ ಹತ್ತಿರದ ನಮ್ಮ ಗದ್ದೆಯ ಬದುವಿನಲ್ಲಿ ಒಂದು ಕಲ್ಲಿದೆ. ಗುಡಿಯಿಲ್ಲ, ಕಣ್ಣು ಮೂಗಿಲ್ಲ. ಭತ್ತ ಕೊಯ್ಯುವ ದಿನ ಕಟ್ಟಿದ ಮೊದಲ ಸಿವುಡು ಅದಕ್ಕೆ. ಮಣ್ಣಿನ ಜೀವ ಅದರೊಳಗೆ ಕೂತಿದೆ ಎಂದು ಅವ್ವ ನಂಬುತ್ತಾಳೆ. ನಾನು ನಂಬುವುದಿಲ್ಲ. ಇಂಥ ನಂಬಿಕೆಗಳನ್ನೇ ವಿಶ್ವವಿದ್ಯಾಲಯದಲ್ಲಿ ಓದಿ, ಬೆಳಗಾವಿಯ ಕಾಲೇಜೊಂದರಲ್ಲಿ ಅವನ್ನೇ ಪಾಠ ಮಾಡುತ್ತೇನೆ.

ಅವ್ವನ ಜೊತೆಗಿರುವ ನನ್ನ ತಮ್ಮನ ಹೆಂಡತಿ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಕ್ರೈಸ್ತರ ಮನೆಯವಳು. ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಅವರು ಇನ್ನೂ ಹಾಲು ತುಂಬುತ್ತಿರುವ ಹೊಸ ತೆನೆಗಳನ್ನು ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸುತ್ತಾರೆ. ಮದುವೆಯಾದ ವರ್ಷ, ಹಬ್ಬದ ಹಿಂದಿನ ಭಾನುವಾರ ನಾನು ಊರಿಗೆ ಹೋಗಿದ್ದಾಗ ಅವಳು ಮೆಲ್ಲಗೆ ಕೇಳಿದಳು.

“ಭಾವಾರ, ನಾಲ್ಕು ತೆನಿ ಚರ್ಚಿಗೆ ಒಯ್ದರ ನಡೀತದೇನ್ರಿ? ಈ ಸಲ ನಮ್ಮ ಗದ್ದಿದ್ದ ತರ್ತೀನಿ ಅಂತ ಅಪ್ಪಗ ಹೇಳಿಬಿಟ್ಟೀನಿ. ಅತ್ತಿಯವರಿಗೆ ಕೇಳಾಕ ಅಂಜಿಕಿ.”

ಅವ್ವ ಹಿತ್ತಲಲ್ಲೇ ಇದ್ದಳು. ಕರೆದು ಕೇಳಬಹುದಿತ್ತು. ನಾನು ಪಾಠ ಶುರುಮಾಡಿದೆ.

“ನಿಮ್ಮ ದೇವರು ಕೊಡಾಂವ, ನೀವು ಉಪಕಾರ ನೆನಿತೀರಿ. ನಮ್ಮ ಕಲ್ಲು ಹಂಗಲ್ಲ ತಂಗಿ, ಅದು ಗದ್ದಿ ಮಾಲಕ. ಅದಕ್ಕ ಮುಟ್ಟೂತನಕ ಒಂದು ತೆನಿನೂ ಬದು ದಾಟಂಗಿಲ್ಲ. ನಮ್ಮಜ್ಜಿ ಹೇಳ್ತಿದ್ದಳು.”

“ಭಾಳ ಸಿಟ್ಟಿನ ಮಾಲಕ ಬಿಡ್ರಿ,” ಎಂದು ನಕ್ಕಳು. ಹಬ್ಬಕ್ಕೆ ಬರಿಗೈಯಲ್ಲಿ ಹೋದಳು. ಮಗಳ ಗದ್ದೆಯ ತೆನೆ ಬರುತ್ತದೆಂದು ಅವಳ ಅಪ್ಪ ಓಣಿಗೆಲ್ಲ ಹೇಳಿಕೊಂಡಿದ್ದನಂತೆ. ಕಡೆಗೆ ಚರ್ಚಿನ ಗೇಟಿನ ಹೊರಗೆ ಕೊಂಡ ತೆನೆಗಳನ್ನೇ ಹಿಡಿದು ಒಳಗೆ ಹೋದನೆಂದು ತಮ್ಮ ಹೇಳಿದ.

ಕೊಯ್ಲಿನ ದಿನ ಮಾತಿನ ನಡುವೆ ಇದು ಅವ್ವನ ಕಿವಿಗೆ ಬಿತ್ತು. ಕುಡುಗೋಲು ಕೆಳಗಿಟ್ಟಳು.

“ಕಲ್ಲಿಂದು ಕೊಯ್ಲಿನ ಸಿವುಡಷ್ಟ. ಹಾಲುತೆನಿ ಗಿಳಿ ತಿಂತಾವು, ಅವೇನು ಕಲ್ಲಿಗೆ ಕೇಳಿ ತಿಂತಾವ? ಸಣ್ಣಾಂವ ಇದ್ದಾಗ ನೀನ ತೆನಿ ಹರಕೊಂಡು ಓಡತಿದ್ದಿ. ನಿನ್ನ ಹೆದರಸಾಕ ಅಜ್ಜಿ ಹಂಗ ಅಂದಿದ್ದಳು. ಅದನ್ನ ಇವಳಿಗೆ ಹೇಳಿದಿಯೇನು?”

ತೆನೆ ಹರಿದದ್ದು ನನಗೆ ನೆನಪಿಲ್ಲ. ಅಜ್ಜಿಯ ಮಾತು ನೆನಪಿದೆ ಅಂದುಕೊಂಡಿದ್ದೆ. ಈಗ ಅದೂ ಅವಳದೋ, ವರ್ಷವರ್ಷ ತರಗತಿಯಲ್ಲಿ ಹೇಳಿ ಹೇಳಿ ನಾನೇ ತಿದ್ದಿಕೊಂಡದ್ದೋ ತಿಳಿಯದು. ಎರಡೂ ದೇವರನ್ನು ನಂಬದ ನಾನು, ಒಂದರ ಹೆಸರಿನಲ್ಲಿ ಇನ್ನೊಂದರ ಬಾಗಿಲಿಗೆ ಅಡ್ಡ ನಿಂತಿದ್ದೆ. ತಮ್ಮನ ಹೆಂಡತಿಯ ಮುಖ ನೋಡಲಾಗಲಿಲ್ಲ.

ಅವ್ವ ಮೊದಲ ಸಿವುಡನ್ನು ಸೊಸೆಯ ಕೈಗೇ ಕೊಟ್ಟು ಕಲ್ಲಿನ ಮುಂದೆ ಇಡಲು ಹೇಳಿದಳು. ಅವಳು ಬದುವಿನವರೆಗೆ ಹೋಗಿ ನಿಂತು, ನನ್ನತ್ತ ತಿರುಗಿದಳು.

“ಭಾವಾರ, ಚಪ್ಪಲಿ ಇಲ್ಲೇ ಬಿಡಬೇಕೇನ್ರಿ?”

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ನಂಗ ಗೊತ್ತಿಲ್ಲ ತಂಗಿ,” ಎಂದೆ. “ಅವ್ವಗ ಕೇಳು.”